ತೊಂಬತ್ತು ಸೆಕೆಂಡಿನ ಸುತ್ತು

ಆ ಸದ್ದು ಕೇಳಿದಾಗ ಮೇಘಶ್ರೀ ಕಣಕಟ್ಟೆಯ ಮನೆಯ ಹಿತ್ತಲಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಏಪ್ರಿಲ್ ಮೂರನೇ ತಾರೀಖು, ಬೆಳಿಗ್ಗೆ ಹತ್ತು ದಾಟಿತ್ತು. ಯಾರೋ ದೂರದಲ್ಲಿ ಮೊಪೆಡ್ ಏರು ಹತ್ತಿಸುತ್ತಿದ್ದಾರೆ ಅಂತ ಮೊದಲು ಅನ್ನಿಸಿತು. ಆಮೇಲೆ ಸದ್ದು ರಸ್ತೆ ಬಿಟ್ಟು ತೆಂಗಿನ ಗರಿಗಳ ಮೇಲಿನಿಂದ ಬರತೊಡಗಿತು.

"ಅದೇನೇ ಮೇಘಾ, ತೋಟಕ್ಕೆ ಔಷಧಿ ಹೊಡೆಯೋ ಮಿಷನ್ ಇದ್ದಂಗೈತೆ?" ಅತ್ತೆ ಕಮಲಾಕ್ಷಮ್ಮ ಅಡುಗೆಮನೆಯಿಂದಲೇ ಕೇಳಿದರು.

"ಗೊತ್ತಿಲ್ಲ ಅತ್ತೆ," ಅಂದಳು. ಆದರೆ ಕೈ ನಿಂತುಬಿಟ್ಟಿತ್ತು. ಗೊತ್ತಿಲ್ಲದೆ ಏನು? ಬೆಂಗಳೂರಿನಲ್ಲಿ ಅವಳು ಕೂರುವ ಕೋಣೆಯ ಗೋಡೆಯಾಚೆ ಎಂಜಿನ್ ಪರೀಕ್ಷೆ ಮಾಡುವ ಶೆಡ್ಡು. ಎರಡು ವರ್ಷದಿಂದ ಇದೇ ಸದ್ದು ಕೇಳುತ್ತಾ ಅವಳು ಮಧ್ಯಾಹ್ನದ ಊಟ ಮಾಡಿದ್ದಳು.

ಬಾವಿಕಟ್ಟೆ ಹತ್ತಿ ನಿಂತು ನೋಡಿದಳು. ಬೂದು ಬಣ್ಣದ ಪುಟ್ಟ ವಿಮಾನ. ಒಳಗೆ ಮನುಷ್ಯ ಕೂರುವ ಜಾಗವೇ ಇಲ್ಲದ್ದು. ಊರಿನ ಉತ್ತರದಿಂದ ಬಂದು, ಎಡಕ್ಕೆ ವಾಲಿ, ಸರ್ಕಾರಿ ಶಾಲೆಯ ಕಡೆ ತಿರುಗಿತು.

"ರಜೆ ಹಾಕಿ ಬಂದು ಕೂತಿದ್ದೀಯಲ್ಲ, ನಿಮ್ಮ ಆಫೀಸಿನೋರೇ ಹುಡುಕ್ಕೊಂಡು ಬಂದ್ರೇನೋ!" ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು ನಕ್ಕರು.

ಮೇಘಶ್ರೀ ನಗಲಿಲ್ಲ. ಅವಳು ಎಣಿಸುತ್ತಿದ್ದಳು. ವಿಮಾನ ಮರಿಯಣ್ಣನ ಅಂಗಡಿಯ ಮೇಲೆ ಹಾಯ್ದಾಗ ಒಂದು. ಅದು ಪೂರ್ತಿ ಸುತ್ತಿ ಮತ್ತೆ ಅದೇ ಅಂಗಡಿಯ ಮೇಲೆ ಬಂದಾಗ ತೊಂಬತ್ತು. ತಪ್ಪು ಎಣಿಸಿರಬೇಕು ಅಂತ ಇನ್ನೊಂದು ಸಲ ಎಣಿಸಿದಳು. ತೊಂಬತ್ತೊಂದು. ಐನೂರು ಮೀಟರು ತ್ರಿಜ್ಯದ ಸುತ್ತು, ಎಡಕ್ಕೆ, ತೊಂಬತ್ತು ಸೆಕೆಂಡು. ಆ ಐನೂರನ್ನೂ, ಆ ಎಡವನ್ನೂ ಅವಳೇ ಟೈಪ್ ಮಾಡಿದ್ದಳು.

ಅವಳು ಬಾವಿಕಟ್ಟೆಯ ಮೇಲೆಯೇ ಕೂತುಬಿಟ್ಟಳು.

ಮೇಘಶ್ರೀ ಹಳೇಬೀಡಿನ ಕಡೆಯವಳು. ಟೈಪಿಸ್ಟಾಗಿ ಬೆಂಗಳೂರಿಗೆ ಸೇರಿ, ಸಂಜೆ ಕಾಲೇಜಿನಲ್ಲಿ ಡಿಪ್ಲೊಮಾ ಓದಿ, ಮೂವತ್ತನೇ ವಯಸ್ಸಿಗೆ ಪ್ರೋಗ್ರಾಂ ಬರೆಯುವ ಕೆಲಸಕ್ಕೆ ಬಂದವಳು. ಗಂಡ ಶರತ್ಚಂದ್ರ ಕಣಕಟ್ಟೆ ಶಾಲೆಯಲ್ಲಿ ಮೇಷ್ಟ್ರು. ಸೋಮವಾರ ಮುಂಜಾನೆ ಅರಸೀಕೆರೆಯಲ್ಲಿ ರೈಲು ಹತ್ತಿದರೆ ಶುಕ್ರವಾರ ರಾತ್ರಿ ವಾಪಸ್. ರಕ್ಷಣಾ ಇಲಾಖೆಗೆ ಪೈಲಟ್ ಇಲ್ಲದ ವಿಮಾನ ಮಾಡಿಕೊಡುವ ಒಂದು ಸಂಸ್ಥೆ, ಅದಕ್ಕೆ ಆಳು ಒದಗಿಸುವ ಒಬ್ಬ ಏಜೆಂಟು, ಆ ಏಜೆಂಟಿನ ಪಟ್ಟಿಯಲ್ಲಿ ಇವಳು. ಕೆಲಸಕ್ಕೆ ಸೇರಿದ ದಿನ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು: ಏನು ಮಾಡುತ್ತೀಯೆಂದು ಯಾರಿಗೂ, ಮನೆಯವರಿಗೂ, ಹೇಳಕೂಡದು; ಹೇಳಿದರೆ ಜೈಲು. ಗಂಡನಿಗೆ ಅವಳು ಹೇಳಿದ್ದು ಆಫೀಸಿನ ಸಂಬಳದ ಲೆಕ್ಕದ ಪ್ರೋಗ್ರಾಂ ಅಂತ. ಆ ಒಂದು ಸುಳ್ಳು ಅವಳಿಗೆ ಪ್ರತಿ ಶುಕ್ರವಾರವೂ ಹೊಸದಾಗಿ ಚುಚ್ಚುತ್ತಿತ್ತು.

ವಿಮಾನಕ್ಕೆ ನೆಲದಿಂದ ರೇಡಿಯೋ ಸಂಪರ್ಕ ಇರುತ್ತದೆ. ಅದು ತಪ್ಪಿಹೋದರೆ ವಿಮಾನ ತನ್ನ ನೆನಪಿನಲ್ಲಿರುವ ಒಂದು ಜಾಗಕ್ಕೆ ತಾನೇ ಹೋಗಿ, ಅದರ ಮೇಲೆ ಇಪ್ಪತ್ತೈದು ನಿಮಿಷ ಸುತ್ತುತ್ತಾ ಕಾಯಬೇಕು. ಆಗಲೂ ಸಂಪರ್ಕ ಬರದಿದ್ದರೆ ಸುತ್ತು ಬಿಟ್ಟು ಆ ಜಾಗದ ನೆತ್ತಿಗೇ ಬಂದು ಎಂಜಿನ್ ಆರಿಸಿ, ಪ್ಯಾರಾಚೂಟ್ ಬಿಚ್ಚಿ, ಅಲ್ಲೇ ಇಳಿಯಬೇಕು. ಇಷ್ಟು ಭಾಗ ಮೇಘಶ್ರೀಯದು. ಬರೆದದ್ದು ಸರಿಯೇ ಎಂದು ನೋಡಲು ಒಂದು ಜಾಗದ ಅಕ್ಷಾಂಶ, ರೇಖಾಂಶ ಬೇಕಿತ್ತು. ನಿಜವಾದ ಪರೀಕ್ಷಾ ಮೈದಾನದ್ದು ಗುಟ್ಟು. ಗುತ್ತಿಗೆಯವರಿಗೆ ಕೊಡುವ ಹಾಗಿಲ್ಲ. "ಏನೋ ಒಂದು ಹಾಕ್ಕೊಳ್ಳಿ, ನಾವು ಕೊನೇಲಿ ಬದಲಾಯಿಸ್ತೀವಿ," ಅಂದಿದ್ದರು ಮೇಲಿನ ಎಂಜಿನಿಯರು ಸತೀಶ್ ಸಾರ್. ಅವರು ಖಾಯಂ ನೌಕರರು.

ಬೇರೆ ಗುತ್ತಿಗೆ ಹುಡುಗರು ಎರಡಕ್ಕೂ ಸೊನ್ನೆ ಹಾಕಿ ಮುಗಿಸುತ್ತಿದ್ದರು. ಸೊನ್ನೆ ಅಂದರೆ ಎಲ್ಲೋ ಸಮುದ್ರದ ನಡುವೆ. ಮೇಘಶ್ರೀಗೆ ಸೊನ್ನೆ ಒಪ್ಪಲಿಲ್ಲ. ಲೆಕ್ಕ ತಪ್ಪಿದ್ದರೂ ಸೊನ್ನೆ ಅದನ್ನು ಮುಚ್ಚಿಡುತ್ತದೆ ಎಂದು ಸಂಜೆ ಕಾಲೇಜಿನ ಮೇಷ್ಟ್ರೊಬ್ಬರು ಹೇಳಿದ್ದು ಅವಳ ತಲೆಯಲ್ಲಿ ಕೂತಿತ್ತು. ಉತ್ತರ ಸರಿಯೋ ತಪ್ಪೋ ಎಂದು ತನಗೆ ಕಣ್ಣುಮುಚ್ಚಿ ಹೇಳಲು ಬರುವ ಜಾಗವೇ ಬೇಕು. ಗೋಡೆಯ ಮೇಲಿನ ಸರ್ವೆ ನಕ್ಷೆಯಲ್ಲಿ ಮೊದಲು ಬೇಲೂರಿನ ಮೇಲೆ ಸ್ಕೇಲು ಇಟ್ಟಳು. ದೇವಸ್ಥಾನದ ಮೇಲೆ, ಸುಳ್ಳು ಲೆಕ್ಕಕ್ಕೇ ಆದರೂ, ವಿಮಾನ ಇಳಿಸುವುದು ಮನಸ್ಸಿಗೆ ಬರಲಿಲ್ಲ. ಹಳೇಬೀಡೂ ಹಾಗೆಯೇ. ಸ್ಕೇಲನ್ನು ಮೇಲಕ್ಕೆ ಸರಿಸಿ, ಅರಸೀಕೆರೆ ದಾಟಿಸಿ, ಕಣಕಟ್ಟೆಗೆ ತಂದಳು. ಶಾಲೆಯ ಬಯಲು ದೇವರ ಜಾಗವಲ್ಲ. ಯಾರ ಮನೆಯೂ ಅಲ್ಲ.

ಪ್ರತಿ ವರ್ಷ ಮಾರ್ಚ್ ಮೂವತ್ತೊಂದಕ್ಕೆ ಗುತ್ತಿಗೆಯವರೆಲ್ಲ ಪಾಸು ವಾಪಸ್ ಕೊಟ್ಟು ಮನೆಗೆ ಹೋಗಬೇಕು. ನಾಲ್ಕು ದಿನ ಬಿಟ್ಟು ಐದನೇ ತಾರೀಖು ಹೊಸ ಗುತ್ತಿಗೆ. ಬಿಡದೆ ದುಡಿಸಿಕೊಂಡರೆ ಮುಂದೆ ಖಾಯಂ ಮಾಡಿ ಎಂದು ಕೇಳಿಬಿಟ್ಟಾರು, ಅದಕ್ಕೆ. ಹೊರಡುವ ಸಂಜೆ ಮೇಘಶ್ರೀ ಬಾಕಿ ಕೆಲಸದ ಪಟ್ಟಿ ಬರೆದು ಸತೀಶ್ ಸಾರ್ ಮೇಜಿನ ಮೇಲೆ ಇಟ್ಟಿದ್ದಳು. ಹತ್ತು ಸಾಲು. ಏಳನೆಯದು: ಇಳಿಯುವ ಜಾಗದ ಅಂಕಿ ಬದಲಾಯಿಸುವುದು. ಬರೆದಿದ್ದೆನೇ? ಬರೆದಿದ್ದೆ. ಬರೆಯಬೇಕೆಂದುಕೊಂಡು ರೈಲಿಗೆ ಹೊತ್ತಾಯಿತೆಂದು ಬಿಟ್ಟೆನೇ? ಈಗ ಬಾವಿಕಟ್ಟೆಯ ಮೇಲೆ ಕೂತು ಅವಳಿಗೆ ತನ್ನ ಕೈಬರಹ ಕಣ್ಣಿಗೆ ಬರುತ್ತಲೂ ಇತ್ತು, ಮರುಕ್ಷಣ ಅಳಿಸಿಹೋಗುತ್ತಲೂ ಇತ್ತು.

ಮೂರನೇ ಸುತ್ತು ಮುಗಿಯಿತು. ಶಾಲೆಯಲ್ಲಿ ಇವತ್ತು ಗಣಿತ ಪರೀಕ್ಷೆ.

ಅವಳು ಎದ್ದು ಓಡಿದಳು. ಹಿಂದಿನಿಂದ ಅತ್ತೆ, "ಚಪ್ಪಲಿನಾದ್ರೂ ಹಾಕ್ಕೊಳ್ಳೇ!" ಅಂತ ಕೂಗಿದ್ದು ಕೇಳಿಸಿತು.

ದಾರಿಯಲ್ಲಿ ಎಲ್ಲರೂ ಅವಳು ಓಡುವ ಕಡೆಗೇ ಹೋಗುತ್ತಿದ್ದರು. ಊರೊಳಗೆ ಎಲ್ಲಿ ನಿಂತರೂ ತೆಂಗಿನ ಮರ ಅಡ್ಡ. ಆಕಾಶ ಚೆನ್ನಾಗಿ ಕಾಣುವುದು ಶಾಲೆಯ ಬಯಲಿನಲ್ಲಿ ಮಾತ್ರ. "ಬಯಲಿಗೆ ಬನ್ರಲಾ, ಇಲ್ಲಿಂದ ಬಾಲ ಎಲ್ಲ ಕಾಣ್ತೈತೆ!" ಅಂತ ಯಾರೋ ಕರೆಯುತ್ತಿದ್ದ. ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡ ಹೆಂಗಸರು, ರಾಗಿ ಮೂಟೆ ಇಳಿಸುವುದನ್ನು ಅರ್ಧಕ್ಕೆ ಬಿಟ್ಟು ಬಂದ ಗಂಡಸರು. ಎಲ್ಲರೂ ಧ್ವಜದ ಕಟ್ಟೆಯ ಸುತ್ತ ಕತ್ತೆತ್ತಿ ನಿಂತಿದ್ದರು.

ಅದಕ್ಕಿಂತ ಘೋರವಾದದ್ದನ್ನು ಅವಳು ಗೇಟಿನಲ್ಲಿ ಕಂಡಳು. ಹೆಡ್ ಮೇಷ್ಟ್ರು ಕಲ್ಲೇಶಪ್ಪ ಸೀಟಿ ಊದುತ್ತಾ ನೂರ ನಲವತ್ತು ಮಕ್ಕಳನ್ನು ಕೋಣೆಗಳಿಂದ ಹೊರಗೆ ತಂದು, ಬಯಲಿನ ಮಧ್ಯೆ ತರಗತಿವಾರು ಸಾಲಾಗಿ ಕೂರಿಸುತ್ತಿದ್ದರು. ಉತ್ತರ ಪತ್ರಿಕೆಗಳ ಕಟ್ಟನ್ನೂ, ಅದನ್ನಿಡಲು ತಮ್ಮ ಮೇಜನ್ನೂ ಹೊರಗೆ ತರಿಸಿದ್ದರು.

"ಸಾರ್, ಮಕ್ಕಳನ್ನ ಇಲ್ಲಿ ಕೂರಿಸಬೇಡಿ! ದಯವಿಟ್ಟು ಎಬ್ಬಿಸಿ!"

"ಏನಮ್ಮ ನೀವು! ಹಂಚಿನ ಕಟ್ಟಡ ಅದು. ವಿಮಾನ ಮಾಡಿನ ಮೇಲೆ ಬಿದ್ದರೆ ಗತಿ ಏನು? ಬಯಲೇ ಕ್ಷೇಮ."

"ಅದು ಬಯಲಿಗೇ ಬೀಳೋದು ಸಾರ್."

"ಯಾರು ಹೇಳಿದ್ದು?"

ಅವಳು ಗಂಡನಿಗಾಗಿ ಸಾಲುಗಳತ್ತ ಕಣ್ಣಾಡಿಸಿದಳು. ಶರತ್ಚಂದ್ರ ಐದನೇ ತರಗತಿಯ ಸಾಲು ಬಿಟ್ಟು ಅವಳ ಹತ್ತಿರ ಬಂದ. ಅವಳ ಬರಿಗಾಲು, ಹುಣಸೆ ಮೆತ್ತಿದ ಕೈ ನೋಡಿದ.

"ಮೇಘಾ, ಏನಾಯ್ತು? ಅಮ್ಮ ಚೆನ್ನಾಗಿದ್ದಾರಾ?"

"ರೀ, ನನ್ನ ನಂಬ್ತೀರಾ? ಇನ್ನು ಹದಿನೈದು ನಿಮಿಷಕ್ಕೆ ಅದರ ಎಂಜಿನ್ ನಿಲ್ಲುತ್ತೆ. ಪ್ಯಾರಾಚೂಟಿನಲ್ಲಿ ಇಲ್ಲಿಗೇ ಇಳಿಯುತ್ತೆ."

"ನಿನಗೆ ಹೇಗೆ ಗೊತ್ತು?"

ಕಾಗದಕ್ಕೆ ಸಹಿ ಹಾಕಿದ್ದು ನೆನಪಾಯಿತು. ಸುತ್ತ ಹತ್ತು ಜನ ಕಿವಿ ಕೊಟ್ಟು ನಿಂತಿದ್ದರು. ತಲೆಯ ಮೇಲೆ ಆರನೆಯದೋ ಏಳನೆಯದೋ ಸುತ್ತು. ಅವಳಿಗೆ ಎಣಿಕೆ ತಪ್ಪಿಹೋಗಿತ್ತು. ಅದಕ್ಕೇ ಇನ್ನೂ ಹೆದರಿಕೆಯಾಯಿತು. ಹದಿನೈದು ನಿಮಿಷ ಅಂದದ್ದು ಹತ್ತೇ ಇರಬಹುದು.

"ಅದನ್ನ ಇಲ್ಲಿಗೆ ಬರೋ ಹಾಗೆ ಬರೆದಿರೋದು ನಾನು," ಅಂದಳು. "ಸಂಬಳದ ಲೆಕ್ಕ ಅಂತ ನಿಮಗೆ ಸುಳ್ಳು ಹೇಳಿದ್ದೆ. ಪರೀಕ್ಷೆಗೆ ಅಂತ ಈ ಶಾಲೆ ಜಾಗ ಹಾಕಿದ್ದೆ. ಅದನ್ನ ಯಾರೂ ತೆಗೆದಿಲ್ಲ."

ಶರತ್ಚಂದ್ರ ಅವಳ ಮುಖವನ್ನು ಪರಿಚಯವಿಲ್ಲದವರ ಮುಖ ನೋಡುವ ಹಾಗೆ ನೋಡಿದ. ಎಂಟು ವರ್ಷದ ಸಂಸಾರದಲ್ಲಿ ಆ ನೋಟ ಅವಳು ಕಂಡಿರಲಿಲ್ಲ. ಆದರೆ ಅವನು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ತಿರುಗಿ, "ಸಾರ್, ಎಬ್ಬಿಸೋಣ," ಅಂದ.

"ಶರತ್, ನಿಮ್ಮನೆಯವರು ಏನೋ ಅಂದ್ರು ಅಂತ..."

"ಎಬ್ಬಿಸೋಣ ಸಾರ್. ತಪ್ಪಾದ್ರೆ ನನ್ನ ಮೇಲೆ ಬರೆದು ಕಳಿಸಿ."

ಎಲ್ಲಿಗೆ? ಎಲ್ಲರೂ ಈಗ ಮೇಘಶ್ರೀಯನ್ನು ನೋಡಿದರು. ಪ್ಯಾರಾಚೂಟು ಗಾಳಿಗೆ ತೇಲುತ್ತದೆ. ಗಾಳಿಯ ಲೆಕ್ಕ ಹಿಡಿದು ಸರಿಪಡಿಸುವ ಭಾಗ ಬೇರೆ ಹುಡುಗನದು. ಅದನ್ನು ಈ ವಿಮಾನದಲ್ಲಿ ಹಾಕಿದ್ದಾರೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಹಾಕಿದ್ದರೆ ಬಯಲಿನ ನಡುವೆ. ಹಾಕದಿದ್ದರೆ ಗಾಳಿ ಬೀಸುವ ದಿಕ್ಕಿಗೆ, ಇನ್ನೂರು ಮೀಟರು ಆಚೆ. ಜನರ ಕಾಲಿನಿಂದ ಎದ್ದ ಧೂಳು ಪೂರ್ವಕ್ಕೆ, ತೋಟದ ಕಡೆಗೆ ಹೋಗುತ್ತಿತ್ತು. ಅವಳು ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ತಾನೇ ಬಿಟ್ಟು ನೋಡಿದಳು. ಪೂರ್ವಕ್ಕೇ.

"ಪಶ್ಚಿಮಕ್ಕೆ. ಕಟ್ಟಡದ ಹಿಂದೆ, ಬಾವಿ ದಾಟಿ, ಹುಣಸೆ ಮರಗಳ ಕೆಳಗೆ. ತೋಟದ ಕಡೆ ಯಾರೂ ಹೋಗಬಾರದು."

ಮಕ್ಕಳು ಎದ್ದರು. ಮಕ್ಕಳಿಗೆ ಸೀಟಿ ಸಾಕು. ದೊಡ್ಡವರನ್ನು ಕದಲಿಸುವುದೇ ಕಷ್ಟವಾಯಿತು. "ಏ, ಮೇಷ್ಟ್ರ ಹೆಂಡ್ತಿ ವಿಮಾನ ಬಿಟ್ಟವಳಂತೆ ಕಣ್ಲಾ!" ಅಂತ ಒಬ್ಬ ನಕ್ಕ. ಎಸ್‌ಟಿಡಿ ಬೂತನ್ನೂ ಶಾಲೆಯ ಗೇಟಿನೆದುರು ಇಟ್ಟುಕೊಂಡಿದ್ದ ಅಂಗಡಿಯ ಮರಿಯಣ್ಣ ಮಾತ್ರ ನಗಲಿಲ್ಲ. ಅವನ ಮೊಮ್ಮಗಳು ಮೂರನೇ ತರಗತಿ. "ನಗೋದು ಆಮೇಲೆ ನಗಾಡು, ಈಗ ನಡಿ," ಅಂತ ಅವನು ಗಂಡಸರ ರಟ್ಟೆ ಹಿಡಿದು ತಳ್ಳತೊಡಗಿದ. ಕಲ್ಲೇಶಪ್ಪ ಉತ್ತರ ಪತ್ರಿಕೆಯ ಕಟ್ಟಿಗಾಗಿ ಹಿಂದಕ್ಕೆ ಹೊರಟರು. ಶರತ್ಚಂದ್ರ ಅವರ ಕೈ ಬಿಡಲಿಲ್ಲ.

ಕೊನೆಯ ಸಾಲು ಬಾವಿ ದಾಟಿತ್ತೋ ಇಲ್ಲವೋ, ಎಂಜಿನ್ ನಿಂತಿತು.

ಅಷ್ಟು ಹೊತ್ತು ತಲೆ ತುಂಬಿದ್ದ ಸದ್ದು ಒಮ್ಮೆಲೇ ಇಲ್ಲವಾದಾಗ ಊರಿನ ಬೇರೆ ಯಾವ ಸದ್ದೂ ಇರಲಿಲ್ಲ. ಆಮೇಲೆ ಮೇಲಿನಿಂದ ಪಟ್ ಎಂದು ಒಂದು ಪಟಾಕಿಯಂಥ ಸದ್ದು. ಕಿತ್ತಳೆ ಬಿಳಿ ಪಟ್ಟಿಯ ಪ್ಯಾರಾಚೂಟು ಬಿಚ್ಚಿಕೊಂಡಿತು. ಅದನ್ನು ಕಂಡದ್ದೇ ತಡ, ಮರದ ಕೆಳಗಿನಿಂದ ಏಳೆಂಟು ಗಂಡಸರು ಹೋ ಎಂದು ಬಯಲಿನ ಕಡೆಗೆ ಓಡಿದರು.

"ಹೋಗಬೇಡ್ರೋ!" ಮೇಘಶ್ರೀಯ ಗಂಟಲಿನಿಂದ ಇಂಥ ಕೂಗು ಬರಬಹುದೆಂದು ಅವಳಿಗೇ ಗೊತ್ತಿರಲಿಲ್ಲ. ಶರತ್ಚಂದ್ರ, ಮರಿಯಣ್ಣ ಕೈ ಅಗಲಿಸಿ ಅಡ್ಡ ನಿಂತರು. ಒಬ್ಬ ನುಸುಳಿ ಓಡಿ, ಕಟ್ಟಡದ ಮೂಲೆಯಲ್ಲಿ ಎಡವಿ ಬಿದ್ದ. ಬಿದ್ದದ್ದೇ ಅವನ ಪುಣ್ಯ.

ವಿಮಾನ ಗಾಳಿಗೆ ತೇಲಿ ತೋಟಕ್ಕೆ ಹೋಗಲಿಲ್ಲ. ಆ ಹುಡುಗನ ಲೆಕ್ಕವೂ ಕೆಲಸ ಮಾಡಿತ್ತು. ಅದು ನೆಟ್ಟಗೆ ಬಯಲಿಗೆ ಇಳಿದು, ಮೂಗಿನಿಂದ ಕಲ್ಲೇಶಪ್ಪನವರ ಮೇಜನ್ನು ನೆಲಕ್ಕೆ ಹೂತು, ಮೂರನೇ ತರಗತಿಯ ಸಾಲಿದ್ದ ಕಡೆಗೆ ಅಡ್ಡ ಬಿದ್ದು, ಒಂದು ರೆಕ್ಕೆಯನ್ನು ನಾಲ್ಕನೆಯವರ ಜಾಗಕ್ಕೆ ಚಾಚಿತು. ಪೆಟ್ರೋಲಿನ ವಾಸನೆ ಬಂತು. ಬೆಂಕಿ ಹತ್ತಲಿಲ್ಲ. ಪ್ಯಾರಾಚೂಟು ನಿಧಾನವಾಗಿ ಮಕ್ಕಳ ಸ್ಲೇಟು, ಚೀಲಗಳ ಮೇಲೆ ಹರಡಿಕೊಂಡಿತು.

ಎಂಬತ್ತು ಕಿಲೋ. ಆ ಅಂಕಿಯೂ ಅವಳ ಪ್ರೋಗ್ರಾಮಿನಲ್ಲಿತ್ತು. ತೂಕ ಎಂಬ ಒಂದು ಪದದ ಮುಂದೆ ಅವಳು ಅದನ್ನು ನೂರು ಸಲ ನೋಡಿದ್ದಳು. ಎಂಬತ್ತು ಕಿಲೋ ಅಂದರೆ ಇಷ್ಟು ಎಂದು ಒಂದು ದಿನವೂ ಅಂದುಕೊಂಡಿರಲಿಲ್ಲ. ಅವಳು ಹುಣಸೆ ಮರ ಹಿಡಿದುಕೊಂಡು ವಾಂತಿ ಮಾಡಿದಳು.

ಬಾಯಿ ಒರೆಸಿಕೊಳ್ಳುವಾಗ ಇನ್ನೊಂದು ನೆನಪಾಯಿತು. ಇಂಥ ವಿಮಾನ ಎರಡಿದ್ದವು. ಎರಡಕ್ಕೂ ಒಂದೇ ಪ್ರೋಗ್ರಾಂ ತುಂಬಿಸಿ ಕಳಿಸಿದ್ದರು.

"ಮರಿಯಣ್ಣ, ಬೂತಿನ ಬೀಗ ತೆಗೀರಿ!"

ಬೆಂಗಳೂರಿನ ನಂಬರು ಮೂರನೇ ಸಲಕ್ಕೆ ಹತ್ತಿತು. ಆಪರೇಟರು ಹೆಂಗಸು ಎಂದಿನ ದನಿಯಲ್ಲಿ, "ಪಾಸ್ ನಂಬರ್ ಹೇಳಿ," ಅಂದಳು.

"ಪಾಸು ಮೂವತ್ತೊಂದಕ್ಕೇ ವಾಪಸ್ ಕೊಟ್ಟಿದ್ದೀನಿ. ಸತೀಶ್ ಸಾರ್‌ಗೆ ಕೊಡಿ, ತುಂಬಾ ಅರ್ಜೆಂಟು."

"ಇವತ್ತಿನ ಪಟ್ಟಿಯಲ್ಲಿ ಇಲ್ಲದೋರಿಗೆ ಲೈನ್ ಕೊಡೋ ಹಾಗಿಲ್ಲ ಮೇಡಂ. ಐದಕ್ಕೆ ಬರ್ತೀರಲ್ಲ, ಆವಾಗ ಮಾತಾಡಿ."

"ನಿಮ್ಮ ಒಂದು ವಿಮಾನ ಕಳೆದುಹೋಗಿದೆ. ಅದು ನನ್ನ ಎದುರಿಗೆ ಬಿದ್ದಿದೆ ಅಂತ ಅವರಿಗೆ ಹೇಳಿ."

ಲೈನಿನಲ್ಲಿ ಕಟಕಟ ಸದ್ದಾಯಿತು. ಆಮೇಲೆ ಸತೀಶ್ ಸಾರ್ ದನಿ ಬಂತು, ಏದುಸಿರಿನ ಜೊತೆ. "ಎಲ್ಲಿದ್ದೀರಿ? ಎಲ್ಲಿ ಬಿತ್ತು?"

"ನಾನು ಪರೀಕ್ಷೆಗೆ ಹಾಕಿದ್ದ ಜಾಗದಲ್ಲೇ ಸಾರ್. ಅದು ಶಾಲೆ. ಮಕ್ಕಳಿದ್ದರು. ಎಬ್ಬಿಸಿದ್ವಿ, ಯಾರಿಗೂ ಏನೂ ಆಗಿಲ್ಲ. ಎರಡನೇದನ್ನ ಹಾರಿಸಬೇಡಿ."

"ಅದು ಎರಡು ಗಂಟೆಗಿದೆ. ಡೆಲ್ಲಿಯಿಂದ ಬಂದೋರು ಮೈದಾನದಲ್ಲಿ ಕೂತಿದ್ದಾರೆ. ಬೆಳಿಗ್ಗೆದು ಹೀಗಾಯ್ತು ಅಂತ ಮೊದಲೇ ಮುಖ ಗಂಟುಹಾಕಿದ್ದಾರೆ ಮೇಘಶ್ರೀ."

"ಸಾರ್, ಪಟ್ಟಿಯಲ್ಲಿ ಬರೆದಿದ್ದೆನಾ? ಏಳನೇ ಸಾಲು. ನನಗೆ ನೆನಪಾಗ್ತಿಲ್ಲ. ಬರೆದಿದ್ದೆನಾ?"

ಸತೀಶ್ ಸಾರ್ ದನಿ ತಗ್ಗಿಸಿದರು.

"ಬರೆದಿದ್ರಿ. ಓದಿದ್ದೆ. ಸಂಪರ್ಕ ತಪ್ಪೋ ಸಂಭವ ಇಲ್ಲ, ನೀವು ಐದಕ್ಕೆ ಬಂದ ಮೇಲೆ ನಿಮ್ಮ ಕೈಲೇ ಮಾಡಿಸೋಣ ಅಂತ ಹಾರಿಸೋಕೆ ಸಹಿ ಹಾಕಿದೆ. ಶಾಲೆ ಅಂತ ನೀವು ಬರೆದಿರಲಿಲ್ಲ. ಬರೀ ಅಂಕಿ ಅಂತ ಇತ್ತು."

ಬೂತಿನ ಗಾಜಿನಾಚೆ ಜನ ಮೂಗು ಒತ್ತಿ ನಿಂತಿದ್ದರು. ಮೇಘಶ್ರೀಗೆ ಕೋಪ ಬರಬೇಕಿತ್ತು. ಬರಲಿಲ್ಲ. ಅವರು ಓದಿದ್ದರು ಎಂಬುದೂ ನಿಜ, ತಾನು ಬರೀ ಅಂಕಿ ಬರೆದಿದ್ದೆ ಎಂಬುದೂ ನಿಜ. ಎರಡೂ ಸೇರಿ ಕಲ್ಲೇಶಪ್ಪನವರ ಮೇಜಿನ ಮೇಲೆ ಬಿದ್ದಿದ್ದವು.

"ನಿಲ್ಲಿಸಿ ಸಾರ್."

"ನಿಲ್ಲಿಸಬೇಕು ಅಂದ್ರೆ ಕಾರಣ ಕೊಡಬೇಕು. ಯಾರು ಹಾಕಿದ್ದು, ಯಾಕೆ ಹಾಕಿದ್ದು ಅಂತ ಕೇಳ್ತಾರೆ. ಅವರೆದುರಿಗೆ ಈಗ ಬಿಚ್ಚಿ ಬದಲಾಯಿಸೋ ಹಾಗಿಲ್ಲ; ಮಧ್ಯಾಹ್ನ ಹಾಗೇ ಹಾರಿಸಿ, ರಾತ್ರಿ ಸದ್ದಿಲ್ಲದೆ ಬದಲಾಯಿಸಿಬಿಡಬಹುದು. ನಿಮ್ಮ ಹೊಸ ಗುತ್ತಿಗೆ ಕಾಗದಕ್ಕೆ ಆಗಲೇ ಸಹಿ ಆಗಿದೆ. ಯೋಚನೆ ಮಾಡಿ."

"ಬೆಳಿಗ್ಗೆ ಯಾಕೆ ಸಂಪರ್ಕ ತಪ್ಪಿತು ಅಂತ ಗೊತ್ತಾಯ್ತಾ ಸಾರ್?"

"ಇನ್ನೂ ಇಲ್ಲ."

"ಹಾಗಿದ್ರೆ ನನ್ನ ಹೆಸರು ಕೊಡಿ. ಅಂಕಿ ಹಾಕಿದ್ದು ಮೇಘಶ್ರೀ ಅಂತ ಹೇಳಿ. ಊರಿನೋರಿಗೆ ಬಾಯಿಬಿಟ್ಟು ಹೇಳಿದ್ದೀನಿ ಅಂತಲೂ ಹೇಳಿ. ನೀವು ಹಾರಿಸೋದಿಲ್ಲ ಅನ್ನೋವರೆಗೂ ನಾನು ಫೋನ್ ಇಡೋದಿಲ್ಲ. ಮಕ್ಕಳನ್ನೂ ಮರದ ಕೆಳಗಿಂದ ಕರೆಯೋದಿಲ್ಲ."

ಅವರು ರಿಸೀವರನ್ನು ಮೇಜಿನ ಮೇಲೆ ಇಟ್ಟ ಸದ್ದಾಯಿತು. ಬೇರೆ ಫೋನು ತಿರುಗಿಸಿದ ಸದ್ದು. ಇಂಗ್ಲಿಷಿನಲ್ಲಿ ತುಂಬಾ ಹೊತ್ತು ಮಾತು. ಮಧ್ಯೆ ಒಮ್ಮೆ ಅವಳ ಹೆಸರು, ಇನಿಷಿಯಲ್ ಸಮೇತ. ಮೇಘಶ್ರೀ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಕೊನೆಗೆ ಸತೀಶ್ ಸಾರ್ ಬಂದು, "ಟ್ಯಾಂಕಿನ ಪೆಟ್ರೋಲ್ ಇಳಿಸ್ತಿದ್ದಾರೆ," ಅಂದರು. "ನಿಮ್ಮ ಕಡೆಗೆ ಜೀಪು ಹೊರಟಿದೆ. ಏನು ಕೇಳ್ತಾರೋ ಅದಕ್ಕೆ ಉತ್ತರ ಕೊಡಿ. ಐದಕ್ಕೆ ಬರೋದು ಬೇಡ."

ಅವಳು ಹೊರಗೆ ಬಂದಾಗ ಶರತ್ಚಂದ್ರ ಬಾಗಿಲಲ್ಲೇ ಇದ್ದ. "ಇನ್ನೊಂದು ಬರಲ್ಲ," ಅಂತ ಅವನಿಗೂ, ಅವನ ಹಿಂದಿದ್ದವರಿಗೂ ಹೇಳಿದಳು. ಯಾರೋ ಹುಣಸೆ ಮರಗಳ ಕಡೆಗೆ ಕೂಗು ಹಾಕಿದರು. ಮಕ್ಕಳು ಹುಯಿಲೆಬ್ಬಿಸಿಕೊಂಡು ಬಂದವು. ವಿಮಾನ ನೋಡಲು ಬಿಡಿ ಎಂದು ಅವಕ್ಕೆ ಅವಸರ.

ಮರಿಯಣ್ಣ ಮೊಮ್ಮಗಳನ್ನು ಕಂಡ ಕೂಡಲೇ ಹೋಗಿ ಕೈ ಹಿಡಿದುಕೊಂಡ. ಮತ್ತೆ ಮೇಘಶ್ರೀಯ ಎದುರಿಗೆ ಬಂದು ನಿಂತ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಕೃತಜ್ಞತೆಯೂ ಇರಲಿಲ್ಲ.

"ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕಬ್ಯಾಡವ್ವ. ಇಷ್ಟು ದೊಡ್ಡ ದೇಶ ಐತೆ. ನಮ್ಮ ಸ್ಕೂಲೇ ಯಾಕವ್ವ ಹಾಕ್ದೆ?"

ಸೊನ್ನೆಯ ವಿಷಯ, ಸ್ಕೇಲಿನ ವಿಷಯ ಎಲ್ಲ ಅವಳ ನಾಲಿಗೆಗೆ ಬಂತು. ಅದನ್ನು ಈ ಮನುಷ್ಯನಿಗೆ ಹೇಳುವ ಕನ್ನಡ ಅವಳಲ್ಲಿರಲಿಲ್ಲ.

"ನನಗೆ ಚೆನ್ನಾಗಿ ಗೊತ್ತಿದ್ದ ಜಾಗ ಇದೇ ಮರಿಯಣ್ಣ," ಅಂದಳು.

ಅವನು ಹುಡುಗಿಯನ್ನು ಎತ್ತಿಕೊಂಡು, ಬಯಲು ಹಾಯದೆ, ಕಟ್ಟಡದ ಹಿಂದಿನಿಂದ ಬಳಸಿಕೊಂಡು ಮನೆಯ ಕಡೆಗೆ ನಡೆದ. ಹುಡುಗಿ ತಾತನ ಹೆಗಲ ಮೇಲಿಂದ ಕಿತ್ತಳೆ ಬಣ್ಣದ ಬಟ್ಟೆಯನ್ನು ತಿರುಗಿ ತಿರುಗಿ ನೋಡುತ್ತಿತ್ತು.